ಮೆಣಸಿನ ಬಳ್ಳಿಯ ಕುಲವೃತ್ತಾಂತ

ಮರೀಚ, ಕೋಲಕ, ಕೃಷ್ಣ, ಊಷಣ, ಧರ್ಮಪತ್ತನ ಮೊದಲಾಗಿ ಮೆಣಸಿಗೆ ಅಮರಸಿಂಹನು ಹಲವು ಪರ್ಯಾಯನಾಮಗಳನ್ನು ಹೇಳಿರುವನು. ಇವೆಲ್ಲವೂ ಕಾಳಿನ ಹೆಸರುಗಳು. ಬಣ್ಣವನ್ನೂ ಖಾರವನ್ನೂ ಬಲ್ಲ ಕೋಶಕಾರನಿಗೆ ಬಳ್ಳಿಯ ಒಳಜಾತಿಗಳು ಬೇಕಾಗಲಿಲ್ಲ. ಪಶ್ಚಿಮದವರೂ ಹಾಗೆಯೇ. ಕ್ರಿ. ಶ. ೪೦೮ರಲ್ಲಿ ರೋಮನ್ನು ಮುತ್ತಿದ ಅಲಾರಿಕನು ಕಪ್ಪವಾಗಿ ಕೇಳಿದ ೩,೦೦೦ ಪೌಂಡು ಮೆಣಸು ಯಾವ ಬಳ್ಳಿಯದೆಂದು ವಿಚಾರಿಸಿದವರಿಲ್ಲ. ೧೭೫೩ರಲ್ಲಿ ಲಿನೇಯಸನು ಶಾಸ್ತ್ರೀಯ ನಾಮಕರಣ ಮಾಡಿದಾಗಲೂ ‘ಪೈಪರ್ ನೈಗ್ರಮ್’ ಎಂಬ ಒಂದೇ ಹೆಸರು ಎಲ್ಲಕ್ಕೂ ಸಂದಿತು.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದುದು ಪ್ರಸಿದ್ಧವೇ ಆಗಿದೆ. ೧೭ನೆಯ ಶತಮಾನದ ಆದಿಯಲ್ಲಿ ಆ ರಾಜ್ಯವು ಕೆಳದಿಯವರ ವಶವಾಯಿತು. ರಾಣಿಯ ಚರಿತ್ರೆಯನ್ನು ಬರೆದವರುಂಟು. ಅವಳ ಭಂಡಾರವನ್ನು ತುಂಬಿದ ಬಳ್ಳಿಗಳನ್ನು ಆರಿಸಿ ಬೆಳೆಸಿದವರ ಚರಿತ್ರೆಯಿಲ್ಲ.

ಅವರ ಕೆಲಸವಾದರೋ ಅಲ್ಪವಲ್ಲ. ಕಾಡುಮೆಣಸಿನಲ್ಲಿ ಸಾಮಾನ್ಯವಾಗಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ, ಗಂಡಿನಲ್ಲಿ ಕಾಳಿಲ್ಲ. ಅಪರೂಪವಾಗಿ ಒಂದೇ ಹೂವಿನಲ್ಲಿ ಎರಡೂ ಗುಣಗಳು ಕೂಡಿದ ಬಳ್ಳಿ ಕಂಡಾಗ ಅದನ್ನು ಗುರುತಿಸಿ, ತುಂಡನ್ನು ತಂದು, ಮರದ ಬುಡದಲ್ಲಿ ನೆಟ್ಟವರು ತೋಟಿಗರು. ಅದು ಗೆಣ್ಣುಗೆಣ್ಣಿನಲ್ಲಿ ಬೇರುಬಿಟ್ಟು ತೊಗಟೆಯನ್ನಪ್ಪಿ ಏರಿತು. ಬೀಜದಿಂದ ಹುಟ್ಟಿದ ಸಸಿ ತಾಯಿಯಂತೆ ಇರುವುದೆಂಬ ಭರವಸೆಯಿಲ್ಲ; ತುಂಡಿನಿಂದ ಬಂದುದು ತಾಯಿಯೇ. ಆದುದರಿಂದ ಹಿತ್ತಿಲಿನ ಬಳ್ಳಿಯು ಶತಮಾನಗಳ ಹಿಂದಿನ ಆ ಮೊದಲ ಬಳ್ಳಿಯ ಅವಿಚ್ಛಿನ್ನ ದೇಹವೆಂದರೂ ತಪ್ಪಲ್ಲ.

ಹೀಗೆ ಆರಿಸಿದವುಗಳಿಗೆ ಹೆಸರಿಟ್ಟವರೂ ಅವರೇ. ಉತ್ತರ ಕನ್ನಡದಲ್ಲಿ ಕರಿಮಲ್ಲಿಗೆಸರ, ಬಿಳಿಮಲ್ಲಿಗೆಸರ, ದೊಡ್ಡಿಗ್ಯ. ಕೇರಳದಲ್ಲಿ ಕರಿಮುಂಡ, ಕೊಟ್ಟನಾಡನ್. ತೆನೆಯನ್ನು ಹೂಮಾಲೆಯಾಗಿ ಕಂಡ ‘ಮಲ್ಲಿಗೆಸರ’ದ ಮುಂದೆ ಕೋಶದ ‘ಕೃಷ್ಣ’ವು ಬಡವಾಗಿಯೇ ತೋರುತ್ತದೆ.

ಇಂಥ ಹೆಸರುಗಳು ತಾಳೆಗರಿಯಲ್ಲಿಲ್ಲ, ಬಳ್ಳಿಯಲ್ಲಿವೆ. ಬಳ್ಳಿ ಸತ್ತರೆ ಹೆಸರೂ ಹೋಗುವುದು. ಮಳೆಗಾಲದಲ್ಲಿ ಬರುವ ಶೀಘ್ರ ಸೊರಗುರೋಗವು ಫಲಭರಿತವಾದ ಬಳ್ಳಿಯನ್ನು ಕೆಲವೇ ವಾರಗಳೊಳಗೆ ಒಣಗಿಸಿಬಿಡುತ್ತದೆ. ತೆರವಾದ ಸ್ಥಳದಲ್ಲಿ ಹಳೆಯ ಜಾತಿಯನ್ನೇ ನೆಡುವವರು ವಿರಳ. ಹೆಚ್ಚು ಫಸಲಿನ ತಳಿಯನ್ನು ತರುವರು. ಹೊಟ್ಟೆಯ ಪಾಡಾದುದರಿಂದ ಇದರಲ್ಲಿ ಅವರನ್ನು ದೂಷಿಸಲಾಗದು.

ಆದರೆ ಆ ಹೊಸ ತಳಿಯ ಜಾತಕವನ್ನೂ ನೋಡಬೇಕು. ಕೇರಳದ ಪನ್ನಿಯೂರಿನಲ್ಲಿ ೧೯೫೨ರಲ್ಲಿ ಮೆಣಸಿನ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿಂದ ಬಂದ ‘ಪನ್ನಿಯೂರು-೧’ ಎಂಬ ಸಂಕರವು ದೊಡ್ಡ ಕಾಳಿನದು, ಉದ್ದ ತೆನೆಯದು; ನೆರಳು ಹೆಚ್ಚಿದ ತೋಟದಲ್ಲಿ ಮಾತ್ರ ಸೊಂಪಾಗಿ ಫಲಿಸದು. ಅದರ ತಂದೆ ಚೆರಿಯಕಣಿಯಕ್ಕಾಡನ್. ತಾಯಿಯಾದ ಉತಿರಂಕೊಟ್ಟವು ಹೆಣ್ಣುಹೂಗಳೇ ಹೆಚ್ಚಾದ, ಫಸಲು ಕಡಮೆಯಾದ ಹಳೆಯ ನಾಡಜಾತಿ. ಲಾಭವನ್ನೇ ಎಣಿಸುವ ತೋಟಗಾರನು ಎಂದೋ ಕಿತ್ತೆಸೆಯಬಹುದಾಗಿದ್ದ ಬಳ್ಳಿ ಅದು.