ಬೇಲಿ ಎದ್ದು ಹೊಲ ಮೇಯ್ದಾಗ

ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು ಇಂದು ನಮ್ಮ ಬಂಧುಬಳಗದಲ್ಲೂ ಅಪರೂಪವಲ್ಲ. ಅಂಥ ಮನೆಗಳಲ್ಲಿ ಮಾತ್ರೆಯ ಹೊತ್ತು ತಪ್ಪುವಂತಿಲ್ಲ. ಅಂಗವನ್ನು ಉಳಿಸುವ ಆ ಮಾತ್ರೆಗಳಿಗೊಂದು ಚರಿತ್ರೆಯಿದೆ. ಅದರಲ್ಲಿ ಗೆಲುವಿನ ಜೊತೆಗೆ ಎಚ್ಚರಿಕೆಯೂ ಇದೆ.

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಒಬ್ಬನ ಮೂತ್ರಪಿಂಡವನ್ನು ಅವನ ತದ್ರೂಪಿ ಅವಳಿ ಸೋದರನಿಗೆ ಕಸಿ ಮಾಡಿ ಯಶಸ್ವಿಯಾದರು. ಅವಳಿಗಳಾದ್ದರಿಂದ ದೇಹ ಅದನ್ನು ತನ್ನದೆಂದೇ ಒಪ್ಪಿಕೊಂಡಿತು. ಪರರ ಅಂಗವನ್ನಾದರೋ ರಕ್ತದ ಬಿಳಿಕಣಗಳು ಕಾವಲುಗಾರರಂತೆ ಮುತ್ತಿ ಹಾಳುಮಾಡುತ್ತವೆ. 1960ರ ದಶಕದಲ್ಲಿ ಅಜಥಯೊಪ್ರಿನ್ ಎಂಬ ಔಷಧ ಈ ಕಾವಲನ್ನು ಸಡಿಲಿಸಿತು. ಅವಳಿಗಳಲ್ಲದವರಿಗೂ ಕಸಿಯ ಬಾಗಿಲು ತೆರೆಯಿತು. 1971ರಲ್ಲಿ ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಮೂತ್ರಪಿಂಡದ ಕಸಿ ಫಲಿಸಿತು.

ಅಷ್ಟರಲ್ಲಾಗಲೇ ಅಮೆರಿಕದ ಡೆನ್ವರ್‌ನಲ್ಲಿ ಆತಂಕ ಮೂಡಿತ್ತು. ಕಸಿಯ ಅಂಗ ಚೆನ್ನಾಗಿ ನಡೆಯುತ್ತಿದ್ದ ಕೆಲವರಲ್ಲೇ ಲಿಂಫೋಮ, ಅಂದರೆ ಬಿಳಿಕಣಗಳ ಕ್ಯಾನ್ಸರ್, ಕಾಣಿಸಿಕೊಂಡಿತು. ಒಂದೊಂದು ಆಸ್ಪತ್ರೆಯಲ್ಲಿ ಒಬ್ಬಿಬ್ಬರೆಂದರೆ ಆಕಸ್ಮಿಕವೆನ್ನಬಹುದು. ಅಲ್ಲಿನ ಶಸ್ತ್ರವೈದ್ಯ ಡಾ. ಇಸ್ರೇಲ್ ಪೆನ್ ಹಾಗೆನ್ನಲಿಲ್ಲ. 1968ರಿಂದ ಅವರು ಇಂಥ ರೋಗಿಗಳ ವಿವರಗಳನ್ನೆಲ್ಲ ಒಂದೇ ದಾಖಲೆಗೆ ಸೇರಿಸತೊಡಗಿದರು. ತಾಳ್ಮೆಯ ಈ ಲೆಕ್ಕದಿಂದಲೇ ಅಪಾಯದ ಸ್ವರೂಪ ಸ್ಪಷ್ಟವಾಯಿತು.

ಕಾರಣದ ಸುಳಿವು ಆಫ್ರಿಕದಿಂದ ಬಂದಿತ್ತು. ಉಗಾಂಡದ ಮಕ್ಕಳ ದವಡೆಯಲ್ಲಿ ಬೆಳೆಯುವ ಗೆಡ್ಡೆಗಳನ್ನು ಡಾ. ಡೆನಿಸ್ ಬರ್ಕಿಟ್ 1958ರಲ್ಲಿ ವರ್ಣಿಸಿದರು. 1961ರಲ್ಲಿ ಲಂಡನ್ನಿನಲ್ಲಿ ಅವರ ಉಪನ್ಯಾಸ ಕೇಳಿದ ಆಂತೊನಿ ಎಪ್‌ಸ್ಟೀನ್, 1964ರಲ್ಲಿ ಅಚಾಂಗ್ ಮತ್ತು ಬಾರ್ ಅವರೊಡನೆ ಆ ಗೆಡ್ಡೆಯ ಕಣಗಳಲ್ಲಿ ಹೊಸ ವೈರಸ್ಸೊಂದನ್ನು ಕಂಡರು. ಅದೇ ಎಪ್‌ಸ್ಟೀನ್-ಬಾರ್ ವೈರಸ್. ಎಂಜಲಿನ ಮೂಲಕ ಹರಡುವ ಅದು ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿದೆ. ಅದು ಬಿ ಎಂಬ ಬಗೆಯ ಬಿಳಿಕಣಗಳಲ್ಲಿ ಅಡಗಿರುತ್ತದೆ. ಟಿ ಎಂಬ ಇನ್ನೊಂದು ಬಗೆಯ ಕಣಗಳು ಅದನ್ನು ಹದ್ದಿನಲ್ಲಿಡುತ್ತವೆ. ಕಸಿಯ ಔಷಧ ಟಿ ಕಣಗಳ ಕೈಕಟ್ಟಿದರೆ ಬಿ ಕಣಗಳು ಮಿತಿಯಿಲ್ಲದೆ ಬೆಳೆಯಬಹುದು. ಕಾಯಬೇಕಾದ ಕಣಗಳೇ ಗೆಡ್ಡೆಯಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ವೈರಸ್ಸನ್ನೇ ಕಾಣದ ಮಗುವಿಗೆ, ಅದನ್ನು ಹೊತ್ತ ಹಿರಿಯರ ಅಂಗ ದೊರೆತಾಗ ಅಪಾಯ ಹೆಚ್ಚು.

ಮುಂದೆ ಸೈಕ್ಲೊಸ್ಪೋರಿನ್ ಎಂಬ ಇನ್ನೂ ಸಮರ್ಥವಾದ ಔಷಧ ಬಂತು. ಕೇಂಬ್ರಿಜ್‌ನ ಡಾ. ರಾಯ್ ಕಾನ್ ಅವರ 1979ರ ವರದಿಯಲ್ಲೇ ಲಿಂಫೋಮದ ಪ್ರಸ್ತಾಪವಿತ್ತು. 1984ರಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಮತ್ತು ಸಂಗಡಿಗರು ಅಚ್ಚರಿಯ ಮಾತೊಂದನ್ನು ಲೋಕಕ್ಕೆ ತಿಳಿಸಿದರು: ಔಷಧವನ್ನು ತಗ್ಗಿಸಿದಾಗ ಕೆಲವರಲ್ಲಿ ಗೆಡ್ಡೆ ತಾನಾಗಿ ಕರಗಿತ್ತು! ಆದರೆ ಬಹಳ ತಗ್ಗಿಸಿದರೆ ಅಂಗವೇ ಹೋದೀತು. ಬಿ ಕಣಗಳನ್ನು ಗುರಿಯಿಡುವ ರಿಟುಕ್ಸಿಮ್ಯಾಬ್ ಬಂದ ಮೇಲೂ ವೈದ್ಯರು ಈ ತಕ್ಕಡಿಯನ್ನು ತೂಗುತ್ತಲೇ ಇದ್ದಾರೆ.

ಇದು ಕಸಿ ಪಡೆದ ಎಲ್ಲರಿಗೂ ಬರುವ ರೋಗವಲ್ಲ. ಹೆದರಿ ಕಸಿಯನ್ನೇ ಬಿಡಬೇಕಾಗಿಲ್ಲ. ಆದರೆ ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಂಟು, ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡದೆ ಕಸಿಯ ವೈದ್ಯರಿಗೆ ತಿಳಿಸಬೇಕು. ರಜೆಗೆ ಊರಿಗೆ ಹೋದಾಗ ಅಲ್ಲಿನ ಡಾಕ್ಟರಿಗೂ ಕಸಿಯ ವಿಷಯ ಮೊದಲೇ ಹೇಳಬೇಕು. ಈ ಕಥೆ ಓದಿ ಮಾತ್ರೆಯನ್ನು ಮಾತ್ರ ಯಾರೂ ತಾವಾಗಿ ತಗ್ಗಿಸಬಾರದು. ಆ ತಕ್ಕಡಿ ವೈದ್ಯರ ಕೈಯಲ್ಲೇ ಇರಲಿ.