ಅಮೆರಿಕನ್ ಚೆಸ್ಟ್‌ನಟ್: ರೋಗಕ್ಕೆ ಜಗ್ಗದ ಮರಕ್ಕಾಗಿ ಹುಡುಕಾಟ

ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಲ್ಲಿ 1904ರಲ್ಲಿ ಪತ್ತೆಯಾದ ಏಷ್ಯಾ ಮೂಲದ ಶಿಲೀಂಧ್ರವೊಂದು ಸುಮಾರು 50 ವರ್ಷಗಳಲ್ಲಿ ಅಮೆರಿಕದ 300 ಕೋಟಿಗೂ ಹೆಚ್ಚು ಚೆಸ್ಟ್‌ನಟ್ ಮರಗಳನ್ನು ಬಲಿ ಪಡೆಯಿತು. ತೊಗಟೆಯ ಗಾಯದಿಂದ ಒಳಹೊಕ್ಕು ಆಕ್ಸಾಲಿಕ್ ಆಮ್ಲ ಸ್ರವಿಸುವ ಇದು ಕಾಂಡದ ಸುತ್ತ ಹುಣ್ಣು ಮಾಡುತ್ತದೆ. ಮೇಲಿನ ಭಾಗ ಒಣಗುತ್ತದೆ. ಬೇರು ಮಾತ್ರ ಬದುಕಿದ್ದು ಮತ್ತೆ ಚಿಗುರುತ್ತದೆ, ಆ ಚಿಗುರೂ ಹೆಚ್ಚಾಗಿ ಕಾಯಿ ಬಿಡುವ ಮೊದಲೇ ಸಾಯುತ್ತದೆ.

ಚೀನಾದ ಚೆಸ್ಟ್‌ನಟ್ ರೋಗ ತಾಳಿಕೊಳ್ಳುತ್ತದೆ, ಆದರೆ ಅಷ್ಟು ಎತ್ತರ ಬೆಳೆಯದು. 1983ರಲ್ಲಿ ಸ್ಥಾಪನೆಯಾದ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಇವೆರಡರ ಮಿಶ್ರತಳಿಯನ್ನು ಮತ್ತೆ ಮತ್ತೆ ಅಮೆರಿಕನ್ ಮರದೊಂದಿಗೇ ಕೂಡಿಸುತ್ತಾ ಬಂತು. ಎರಡು-ಮೂರು ಜೀನ್ ಸಾಕೆಂಬ ಲೆಕ್ಕ ತಪ್ಪಿತು. ನಿರೋಧಕ ಗುಣ ಹಲವು ಜೀನ್‌ಗಳಲ್ಲಿ ಹಂಚಿಹೋಗಿದೆ.

ಆಮ್ಲವನ್ನು ಒಡೆಯುವ ಗೋಧಿಯ ಜೀನ್ ಸೇರಿಸಿದ 'ಡಾರ್ಲಿಂಗ್ 58' ಇನ್ನೊಂದು ದಾರಿ. ಪರೀಕ್ಷೆಯಲ್ಲಿದ್ದದ್ದು ನಿಜವಾಗಿ 'ಡಾರ್ಲಿಂಗ್ 54' ಎಂದು 2023ರಲ್ಲಿ ಬಯಲಾಯಿತು. ಎಡವಟ್ಟು ಸಣ್ಣದೇನಲ್ಲ: ಫೌಂಡೇಶನ್ ಬೆಂಬಲ ಹಿಂಪಡೆಯಿತು. ತಳಿ ರೂಪಿಸಿದ ನ್ಯೂಯಾರ್ಕ್‌ನ ಸಂಶೋಧಕರು ಮಾತ್ರ ಅದನ್ನು ಕೈಬಿಡಲಿಲ್ಲ.