ಆಲಿಸುವವರ ಬೆನ್ನಿಗೆ ನಿಂತವರು: ಸಹಾಯವಾಣಿಯ ಒಂದು ಹುದ್ದೆಯ ಚರಿತ್ರೆ

ಮಾನಸಿಕ ಆರೋಗ್ಯ ಸಹಾಯವಾಣಿಯ ಕ್ಲಿನಿಕಲ್ ಮ್ಯಾನೇಜರ್ ಹುದ್ದೆಗೆ, ಅಂದರೆ ಕರೆ ಸ್ವೀಕರಿಸುವ ಆಪ್ತಸಮಾಲೋಚಕರಿಗೆ ಮಾರ್ಗದರ್ಶನ ನೀಡುತ್ತ ಕರೆ ಮಾಡಿದವರ ಸುರಕ್ಷತೆಗೆ ಹೊಣೆ ಹೊರುವ ಮೇಲ್ವಿಚಾರಕರ ಸ್ಥಾನಕ್ಕೆ, ಇಂದು ಅರ್ಜಿ ಕರೆಯುವಾಗ ಮನೋವಿಜ್ಞಾನದ ಉನ್ನತ ಪದವಿ, ಚಿಕಿತ್ಸಾನುಭವ ಮತ್ತು ಪಾಳಿ ಕೆಲಸದ ಸಿದ್ಧತೆಗಳನ್ನು ಕೇಳುವುದು ರೂಢಿಯಾಗಿದೆ. ಆದರೆ ಈ ಹುದ್ದೆ ಸಹಾಯವಾಣಿಯೊಡನೆ ಹುಟ್ಟಿದ್ದಲ್ಲ. ಪದವಿಯಿಲ್ಲದ ಸಾಮಾನ್ಯರ ಕಿವಿಯನ್ನು ನಂಬಿ ಬೆಳೆದ ಸೇವೆಯೊಂದು ಆ ನಂಬಿಕೆಯನ್ನು ಬಿಡದೆಯೇ ತಜ್ಞರನ್ನು ಮತ್ತೆ ಒಳಕ್ಕೆ ಕರೆದುಕೊಂಡ ನಿಧಾನವಾದ ಬೆಳವಣಿಗೆಯ ಫಲ ಅದು.

1935ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಚಾಡ್ ವಾರಾ ಎಂಬ ಯುವ ಪಾದ್ರಿ ನೆರವೇರಿಸಿದ ಮೊಟ್ಟಮೊದಲ ಅಂತ್ಯಕ್ರಿಯೆ 14 ವರ್ಷದ ಹುಡುಗಿಯದಾಗಿತ್ತು. ಮುಟ್ಟಾದದ್ದನ್ನು ಗುಹ್ಯರೋಗವೆಂದು ಭ್ರಮಿಸಿದ ಆಕೆ ಪ್ರಾಣ ಕಳೆದುಕೊಂಡಿದ್ದಳು. ಆ ಸಾವನ್ನು ಮರೆಯದ ವಾರಾ 1953ರಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿಗೆ ಬಂದಾಗ, ಸಾಯಬೇಕೆಂದುಕೊಂಡವರು ಕರೆ ಮಾಡಲೆಂದು ದೂರವಾಣಿಯೊಂದನ್ನು ಮೀಸಲಿಟ್ಟರು. ಆತ್ಮಹತ್ಯೆಯ ಪ್ರಯತ್ನ ಇಂಗ್ಲೆಂಡಿನಲ್ಲಿ 1961ರವರೆಗೂ ಅಪರಾಧವೇ ಆಗಿದ್ದುದರಿಂದ, ಮನಸ್ಸಿನಲ್ಲಿರುವುದನ್ನು ಅಧಿಕಾರದಲ್ಲಿದ್ದವರ ಮುಂದೆ ಬಾಯಿಬಿಡುವುದೇ ಭಯದ ಸಂಗತಿಯಾಗಿದ್ದ ಕಾಲವದು. ವಾರಾ ಅವರನ್ನು ಕಾಣಲು ಬಂದವರು ಹೊರಗಿನ ಕೋಣೆಯಲ್ಲಿ ಸರದಿಗಾಗಿ ಕಾಯುತ್ತಿದ್ದರು. ಅವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸ್ವಯಂಸೇವಕರಿದ್ದರು. ಹಲವರು ಆ ಮಾತುಕತೆಯಲ್ಲೇ ಹಗುರಾಗಿ, ಒಳಗಿನ ಸಲಹೆಗೆ ಕಾಯದೆ ಹೊರಟುಹೋಗುತ್ತಿದ್ದುದನ್ನು ವಾರಾ ಗಮನಿಸಿದರು. ತಾನು ಕೊಡುತ್ತಿದ್ದ ಸಮಾಲೋಚನೆಗಿಂತ ಆ ಚಹಾ ಕೊಡುವವರ ತಾಳ್ಮೆಯ ಕಿವಿಯೇ ಬಹಳ ಮಂದಿಗೆ ಸಾಕಾಗುತ್ತಿದೆಯೆಂದು ಒಪ್ಪಿಕೊಳ್ಳಲು ದೊಡ್ಡ ಮನಸ್ಸೇ ಬೇಕು. ವಾರಾ ಅದನ್ನು ಒಪ್ಪಿಕೊಂಡು 1954ರ ಫೆಬ್ರುವರಿಯಲ್ಲಿ ದೂರವಾಣಿಯನ್ನು ಅವರ ಕೈಗೇ ವಹಿಸಿದರು. ಸಮಾರಿಟನ್ಸ್ ಎಂಬ ಸಂಸ್ಥೆ ರೂಪುಗೊಂಡದ್ದು ಹೀಗೆ.

ಹಾಗೆಂದು ಸ್ವಯಂಸೇವಕರನ್ನು ಅವರ ಪಾಡಿಗೆ ಬಿಡಲಾಯಿತೆಂದಲ್ಲ. ಯಾರು ಆಲಿಸಲು ತಕ್ಕವರು, ಯಾರು ಉಪದೇಶ ಮಾಡದೆ ಇರಲಾರರು ಎಂಬುದನ್ನು ನೋಡಿ ಆರಿಸುವ ಕೆಲಸವನ್ನು ವಾರಾ ತಾವೇ ಇಟ್ಟುಕೊಂಡರು. ಪಾಳಿ ಮುಗಿಸಿದ ಸ್ವಯಂಸೇವಕರು ಅಂದು ಕೇಳಿದ ಸಂಕಟಗಳನ್ನು ಅನುಭವಿ ನಾಯಕರೊಬ್ಬರ ಬಳಿ ಹೇಳಿಕೊಂಡು ಹಗುರಾಗಿ ಮನೆಗೆ ಹೋಗುವ ಪದ್ಧತಿಯೂ ಆ ಸಂಸ್ಥೆಯಲ್ಲಿ ನೆಲೆಯೂರಿತು. ಇಂದಿನ ಕ್ಲಿನಿಕಲ್ ಮೇಲ್ವಿಚಾರಣೆಯ ಒಂದು ಬೇರು ಇಲ್ಲಿದೆ.

ಇನ್ನೊಂದು ಬೇರು ಅಮೆರಿಕದ್ದು. ಲಾಸ್ ಏಂಜಲಿಸ್‌ನಲ್ಲಿ ಎಡ್ವಿನ್ ಶ್ನೈಡ್‌ಮನ್ ಮತ್ತು ನಾರ್ಮನ್ ಫಾರ್ಬರೋ ಎಂಬ ಮನೋವಿಜ್ಞಾನಿಗಳು ಮನೋವೈದ್ಯ ರಾಬರ್ಟ್ ಲಿಟ್ಮನ್ ಅವರೊಡನೆ 1958ರಲ್ಲಿ ತೆರೆದ ಆತ್ಮಹತ್ಯೆ ತಡೆ ಕೇಂದ್ರವು ಸಂಶೋಧನೆಯಿಂದ ಹುಟ್ಟಿದ್ದರಿಂದ, ಅಲ್ಲಿ ಮೊದಲು ಫೋನು ಎತ್ತಿದವರು ತಜ್ಞರೇ. ಕರೆ ಮಾಡಿದವರ ವಯಸ್ಸು, ಹಿಂದಿನ ಪ್ರಯತ್ನ, ಈಗಿನ ಯೋಜನೆ, ಆಸರೆಗಿರುವ ಜನ ಇವನ್ನೆಲ್ಲ ತೂಗಿ ಪ್ರಾಣಾಪಾಯದ ಮಟ್ಟವನ್ನು ಅಂದಾಜು ಮಾಡುವ ಕ್ರಮವನ್ನು ಅವರು ರೂಪಿಸಿದರು. ಕರೆಗಳು ಹೆಚ್ಚಿ 1960ರ ದಶಕದ ನಡುವಿನಲ್ಲಿ ತರಬೇತಾದ ಸ್ವಯಂಸೇವಕರನ್ನು ಸೇರಿಸಿಕೊಂಡಾಗ, ತಜ್ಞರು ಫೋನಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಫೋನು ಹಿಡಿದವರ ಬೆನ್ನಿಗೆ ನಿಂತರು. ಲಂಡನ್ನು ಸಾಮಾನ್ಯರಿಂದ ಹೊರಟು, ಲಾಸ್ ಏಂಜಲಿಸ್ ತಜ್ಞರಿಂದ ಹೊರಟು, ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಏರ್ಪಾಟಿಗೆ ಬಂದು ತಲುಪಿದ್ದು ಕಾಕತಾಳೀಯವಲ್ಲ. ಇನ್ನೊಬ್ಬರ ಸಾವಿನ ಮಾತನ್ನು ಪಾಳಿಯುದ್ದಕ್ಕೂ ಕೇಳುವವರನ್ನು ಒಂಟಿಯಾಗಿ ಬಿಡಲಾಗದೆಂಬುದು ಎರಡೂ ಕಡೆಯ ಅನುಭವವಾಗಿತ್ತು.

ಬೆನ್ನಿಗೆ ನಿಂತವರು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರೇ ಎಂಬ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು ಬಹಳ ತಡವಾಗಿ. ಕೆನಡಾದ ಬ್ರಯನ್ ಮಿಶಾರಾ ಮತ್ತು ಸಹೋದ್ಯೋಗಿಗಳು ಅಮೆರಿಕದ 14 ಕೇಂದ್ರಗಳಿಗೆ ಬಂದ 1,431 ಕರೆಗಳನ್ನು ನಡುವೆ ಬಾಯಿ ಹಾಕದೆ ಆಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 723 ಕರೆಗಳಲ್ಲಿ ಸಾಯುವ ಯೋಚನೆ ಇದೆಯೇ ಎಂದು ಸಮಾಲೋಚಕರು ಕೇಳಿಯೇ ಇರಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾದೀತೆಂಬ ಅಂಜಿಕೆ ಎಲ್ಲ ದೇಶಗಳಲ್ಲೂ ಇದೆ. ಅದಕ್ಕೆ ಆಧಾರವಿಲ್ಲವೆಂದು ಸಂಶೋಧನೆ ತೋರಿಸಿದೆ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಸಹಾಯವಾಣಿ ಜಾಲ ಸಾಯುವ ಬಯಕೆ, ಅದಕ್ಕಿರುವ ಸಾಮರ್ಥ್ಯ, ನಿರ್ಧಾರ ಮತ್ತು ಬದುಕಿಗೆ ಕಟ್ಟಿಹಾಕುವ ಆಸರೆ ಎಂಬ ನಾಲ್ಕನ್ನೂ ವಿಚಾರಿಸಬೇಕೆಂಬ ಮಾನದಂಡವನ್ನು ಪ್ರಕಟಿಸಿತು. ಮೇಲ್ವಿಚಾರಕರ ಕೆಲಸ ಸಾಂತ್ವನದಿಂದ ಪರಿಶೀಲನೆಯ ಕಡೆಗೂ ಚಾಚಿಕೊಂಡದ್ದು ಇಂತಹ ಬದಲಾವಣೆಗಳಿಂದಲೇ.

ಭಾರತದಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಸ್ನೇಹಾ ಸಂಸ್ಥೆ ಸ್ವಯಂಸೇವಕರ ಹಾದಿಯನ್ನೇ ಹಿಡಿಯಿತು. ಆಗ ದಂಡಸಂಹಿತೆಯ 309ನೇ ಕಲಮಿನ ಪ್ರಕಾರ ಆತ್ಮಹತ್ಯೆಯ ಪ್ರಯತ್ನ ಅಪರಾಧವಾಗಿದ್ದುದರಿಂದ, ಪ್ರಾಣ ಉಳಿಸಲು ಯಾರಿಗೆ ತಿಳಿಸಬೇಕು, ತಿಳಿಸಿದರೆ ಆ ವ್ಯಕ್ತಿಗೆ ಏನು ಕೇಡಾದೀತು ಎಂಬ ಇಕ್ಕಟ್ಟು ಇಂಥ ಸೇವೆಗಳಿಗೆಲ್ಲ ಇತ್ತು. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದ ಮೇಲೆ ಆ ಭಾರ ಬಹಳಷ್ಟು ಇಳಿಯಿತು.

ಅದೇ ಕಾಯ್ದೆ ಚಿಕಿತ್ಸಾ ಮನೋವಿಜ್ಞಾನಿ ಯಾರೆಂಬುದನ್ನು ವಿವರಿಸುವಾಗ, ಮೇಲ್ವಿಚಾರಣೆಯಡಿ ಪಡೆದ ಚಿಕಿತ್ಸಾ ತರಬೇತಿಯನ್ನೊಳಗೊಂಡ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಪದವಿಯನ್ನು ಹೆಸರಿಸುತ್ತದೆ. ಈ ತರಬೇತಿಯ ಮೂಲ ಬೆಂಗಳೂರಿನಲ್ಲಿದೆ: ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಆರಂಭವಾದ, 1974ರಲ್ಲಿ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1955ರಲ್ಲೇ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಆರಂಭಿಸಿತ್ತು. ಬೆಂಗಳೂರಿನದೇ ಆದ ಸಹಾಯ್ ಸಹಾಯವಾಣಿಯೂ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ನಿನ ಸ್ವಯಂಸೇವಕರನ್ನೂ ನಿಮ್ಹಾನ್ಸಿನ ತಜ್ಞರನ್ನೂ ಜೋಡಿಸಿ ಕಟ್ಟಿದ್ದು.

2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡ ಟೆಲಿ ಮಾನಸ್ ಈ ಜೋಡಣೆಯನ್ನು ದೇಶದ ಮಟ್ಟಕ್ಕೆ ಒಯ್ದಿತು. 14416 ಸಂಖ್ಯೆಗೆ ಬಂದ ಕರೆ ಮೊದಲು ತರಬೇತಾದ ಸಮಾಲೋಚಕರಿಗೆ, ಅವರ ಕೈ ಮೀರಿದರೆ ಅದೇ ಕೇಂದ್ರದ ತಜ್ಞರಿಗೆ, ಇನ್ನೂ ಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿಗೋ ಸಾಗುವಂತೆ ಇದರ ಏರ್ಪಾಟಿದೆ. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಇಂತಹ ಕಡೆ ಮೇಲ್ವಿಚಾರಕರಾಗಲು ಅರ್ಜಿ ಹಾಕುವವರು ತಮ್ಮ ಚಿಕಿತ್ಸಾ ಕೌಶಲವನ್ನಷ್ಟೇ ಪಟ್ಟಿ ಮಾಡಿದರೆ ಸಾಲದು. ಕರೆ ಇನ್ನೂ ನಡೆಯುತ್ತಿರುವಾಗಲೇ ಸಮಾಲೋಚಕರು ಕೈಯೆತ್ತಿ ಕರೆದರೆ, ಗೋಪ್ಯತೆಯನ್ನು ಮುರಿದು ಆಂಬುಲೆನ್ಸ್ ಕಳಿಸಬೇಕೇ ಅಥವಾ ಇನ್ನೂ ಸ್ವಲ್ಪ ಹೊತ್ತು ಮಾತು ಮುಂದುವರಿಯಲು ಬಿಡಬೇಕೇ ಎಂಬುದನ್ನು ನಿಮಿಷಗಳಲ್ಲಿ ತೀರ್ಮಾನಿಸಿ, ಆ ಬಳಿಕ ಫೋನು ಕೆಳಗಿಟ್ಟ ಸಮಾಲೋಚಕರ ಪಕ್ಕದಲ್ಲಿ ಕುಳಿತು ಮಾತನಾಡಿಸುವುದೂ ಅವರದೇ ಕೆಲಸ. ಸಮಾಲೋಚಕರು ತಮ್ಮ ಅಂಜಿಕೆಯನ್ನೂ ತಪ್ಪನ್ನೂ ಮರೆಮಾಚದೆ ಹೇಳಿಕೊಳ್ಳುವಷ್ಟು ವಿಶ್ವಾಸ ಬೆಳೆಯಲು ವರ್ಷಗಳೇ ಹಿಡಿಯುವುದರಿಂದ, ಈ ಹುದ್ದೆಗಳನ್ನು ಅಲ್ಪಾವಧಿಯ ಗುತ್ತಿಗೆಯ ಮೇಲೆ ತುಂಬುವ ರೂಢಿ ಬಿಟ್ಟು ಕಾಯಂ ಮಾಡುವುದು ಅಗತ್ಯ.